ಬಿದ್ರಿ ಸಾಮಾನು ಈಬೇ ಹರಾಜಿಗಿ ಇಡಬೇಕಾ ಬ್ಯಾಡಾ: ಬೀದರ್ ಕಡಿಂದ ಒಂದು ರಿವ್ಯೂ

ನಮ್ಮ ಬೀದರ್‌ನ್ಯಾಗ ಕೈಕೆಲಸ ಮಾಡೋ ಮಂದಿ ಸಿಕ್ಕಾಗೆಲ್ಲಾ ನನಗ ಕೇಳೋ ಮಾತು ಒಂದ, "ಆನ್‌ಲೈನ್ ಹರಾಜಿಗಿ ಇಟ್ರ ಫಾರಿನ್ನವ್ರು ಒಬ್ರ ಮ್ಯಾಲ ಒಬ್ರು ಏರಿಸಿ ತೊಗೋತಾರಂತಲ್ಲ, ಖರೆ ಏನು?" ಖರೆ ಅದ. ಆದ್ರ ಎಲ್ಲಾ ಸಾಮಾನಿಗಿ ಖರೆ ಅಲ್ಲ, ಯಾವುದಕ್ಕ ಖರೆ ಯಾವುದಕ್ಕ ಸುಳ್ಳು ಅಂತ ತಿಳ್ಕೊಳ್ದೆ ಇಟ್ರ ತಿಂಗಳಗಟ್ಟಲೆ ಕಣ್ಣು ಸೋಸಿ ಮಾಡಿದ ಕೆಲಸ ಒಂದು ಹೊತ್ತಿನ ಊಟದ ರೊಕ್ಕಕ್ಕ ಹೋಗ್ತದ. ನಾನು ಚೌಬಾರಾ ಗೋಪುರದ ಸನೇಕ ಇರೋ ಒಬ್ರು ಬಿದ್ರಿ, ಅಂದ್ರ ಕರಿ ಲೋಹದಾಗ ಬೆಳ್ಳಿ ಕೂಡ್ಸೋ ಕೆಲಸದ, ಕಲಾವಿದರಿಗಿ, ಸಣ್ಣಾಕಿ ಇದ್ದಾಗಿನಿಂದ ಚಾಚಾ ಅಂತ ಕರಿತೀನಿ, ಅವ್ರಿಗಿ ಫೋಟೋ ತೆಗೆದು ಸೈಟಿನ್ಯಾಗ ಸಾಮಾನಿನ ವಿವರ, ಅಂದ್ರ ಲಿಸ್ಟಿಂಗ್, ಹಾಕಿ ಪಾರ್ಸೆಲ್ ಕಟ್ಟಿ ಕೊಡೋ ಕೆಲಸ ಮಾಡ್ತೀನಿ, ಜೊತಿಗಿ ನಮ್ಮವ್ವನ ಕೌದಿನೂ ಇಡ್ತೀನಿ. ಅದಕ್ಕ ಈ ರಿವ್ಯೂ ಮಾರೋರ ಕಡಿಂದ ಬರ್ದದ್ದು, ಕೊಳ್ಳೋರ ಕಡಿಂದ ಅಲ್ಲ.

ಮೊದಲು ಒಂದು ಗೊಂದಲ ತೆಗೀತೀನಿ. ಭಾಳ ಮಂದಿ ಇನ್ನೂ ಇಂಡಿಯಾದೊಳಗ ಈಬೇ ಅನ್ನೋ ಅಮೆರಿಕಾದ ಹರಾಜಿನ ಸೈಟು ನಡೀತದ ಅಂತ ತಿಳ್ಕೊಂಡಾರ. ನಮ್ಮ ದೇಶದಾಗ ಆನ್‌ಲೈನ್ ಹರಾಜು ಅಂದ್ರ ಮೊದಲು ಬಾಝೀ ಡಾಟ್ ಕಾಮ್ ಇತ್ತು, ಅದನ್ನ 2004ರಾಗ ಈಬೇ ಕೊಂಡ್ಕೊಂಡು ಈಬೇ ಇಂಡಿಯಾ ಮಾಡ್ತು, 2017ರಾಗ ಅದು ಫ್ಲಿಪ್‌ಕಾರ್ಟ್ ಕೈಗಿ ಹೋಯ್ತು, 2018ರ ಆಗಸ್ಟ್‌ನ್ಯಾಗ ಬಂದ್ ಆಯ್ತು. ಈಗ ಇಲ್ಲಿಂದ ಈಬೇ ಅಂದ್ರ ಹೊರದೇಶಕ್ಕ ಮಾರೋದು ಅಷ್ಟ. ಬೆಂಗಳೂರಿನವ್ರು ಹರಾಜಿನ್ಯಾಗ ನಮ್ಮ ಸಾಮಾನು ತೊಗೋತಾರ ಅನ್ನೋ ಆಸೆ ಇಟ್ಕೋಬ್ಯಾಡ್ರಿ, ಕೊಳ್ಳೋರು ಅಮೆರಿಕಾ, ಇಂಗ್ಲೆಂಡ್, ಆಸ್ಟ್ರೇಲಿಯಾ ಕಡಿಯವ್ರು. ಅಂದ್ಮ್ಯಾಲ ನೀವು ಎಕ್ಸ್‌ಪೋರ್ಟ್ ಮಾಡ್ಲತ್ತೀರಿ, ಮನಿಯಾಗ ಕುಂತು ಒಂದು ಡಬ್ಬಿ ಕಳಿಸಿದ್ರೂ ಅದು ಎಕ್ಸ್‌ಪೋರ್ಟೇ. ಅದಕ್ಕ ಆಮದು ರಫ್ತು ಮಾಡೋರಿಗಿ ಸರ್ಕಾರ ಕೊಡೋ ಐ.ಇ.ಸಿ. ಕೋಡ್ ಬೇಕು, ವಿದೇಶಿ ವ್ಯಾಪಾರ ನೋಡ್ಕೊಳ್ಳೋ ಡಿ.ಜಿ.ಎಫ್.ಟಿ. ಇಲಾಖೆ ವೆಬ್‌ಸೈಟ್‌ನ್ಯಾಗ ಪ್ಯಾನ್ ಕಾರ್ಡು ಬ್ಯಾಂಕ್ ಖಾತೆ ಕೊಟ್ಟು 500 ರೂಪಾಯಿ ಕಟ್ಟಿದ್ರ ಬರ್ತದ, ಏಜೆಂಟ್‌ಗ ಸಾವಿರಗಟ್ಟಲೆ ಕೊಡೋ ಅವಶ್ಯಕತೆ ಇಲ್ಲ. ವರ್ಷಾ ಏಪ್ರಿಲ್‌ನಿಂದ ಜೂನ್‌ದೊಳಗ ಅದನ್ನ ಒಂದ್ಸಲ ಅಪ್‌ಡೇಟ್ ಮಾಡ್ಬೇಕು, ಇಲ್ಲಂದ್ರ ಕೋಡ್ ನಿಂತು ಹೋಗ್ತದ. ರೊಕ್ಕ ಬರೋದು ಪೆಯೊನಿಯರ್ ಅನ್ನೋ ಹಣ ವರ್ಗಾವಣೆ ಕಂಪನಿ ಖಾತೆ ಮೂಲಕ. ಜಿ.ಎಸ್.ಟಿ. ವಿಷಯಕ್ಕ ಮಾತ್ರ ಒಬ್ರು ಅಕೌಂಟಂಟ್ ಹತ್ರ ಕುಂತು ಕೇಳ್ಕೊಳ್ರಿ, ಯೂಟ್ಯೂಬ್ ನೋಡಿ ಮಾಡ್ಬ್ಯಾಡ್ರಿ. ಹೊಸ ಖಾತೆಗಿ ತಿಂಗಳಿಗಿ ಇಷ್ಟ ಸಾಮಾನು ಮಾರಬೇಕು ಅಂತ ಮಿತಿ ಇರ್ತದ, ಶುರುವಿನ್ಯಾಗ ರೊಕ್ಕಾನೂ ಒಂದಿಷ್ಟು ದಿನ ಹಿಡಿದಿಟ್ಕೋತಾರ, ಅದು ನಿಯಮ, ಗಾಬರಿ ಆಗ್ಬ್ಯಾಡ್ರಿ.

ಈಗ ಮುಖ್ಯ ಮಾತಿಗಿ ಬರ್ತೀನಿ, ಹರಾಜು ಹೆಂಗ ನಡೀತದ. ಇದನ್ನ ತಿಳ್ಕೊಂಡ್ರ ಮುಕ್ಕಾಲು ರಿವ್ಯೂ ಓದಿದಂಗ.

ನಮ್ಮ ಎ.ಪಿ.ಎಂ.ಸಿ.ಯಾಗ ತೊಗರಿ ಹರಾಜು ನೋಡಿದೋರಿಗಿ ಹರಾಜು ಅಂದ್ರ ಎದುರಾಬದರಾ ಕೂಗೋದು ಅಂತ ತಲ್ಯಾಗ ಕುಂತದ. ಇಲ್ಲಿ ಹಂಗಿಲ್ಲ. ಕೊಳ್ಳೋರು ತಮ್ಮ ಮನಸ್ಸಿನ್ಯಾಗಿನ ಕೊನಿ ಬೆಲೆ ಗುಟ್ಟಾಗಿ ಹಾಕಿ ಬಿಡ್ತಾರ, ಅವ್ರ ಪರವಾಗಿ ಸಿಸ್ಟಮ್ಮೇ ಬೇಕಾದಷ್ಟ ಮಾತ್ರ ಏರಿಸ್ತಾ ಹೋಗ್ತದ. ಒಬ್ಬಾಕಿ 120 ಡಾಲರ್ ತನಕ ಕೊಡ್ತೀನಿ ಅಂತ ಹಾಕ್ಯಾಳ, ಇನ್ನೊಬ್ಬಾತ 80 ಹಾಕ್ಯಾನ ಅಂತ ಇಟ್ಕೊಳ್ರಿ, ಸಾಮಾನು 120ಕ್ಕ ಹೋಗಂಗಿಲ್ಲ, 81ಕ್ಕ ಹೋಗ್ತದ, ಯಾಕಂದ್ರ ಎರಡನೇಯವ್ನಿಗಿಂತ ಒಂದು ಮೆಟ್ಟಿಲು ಮ್ಯಾಲಿದ್ರ ಸಾಕು. ಆ ಎರಡನೇಯವ ಬರದೇ ಇದ್ರ? ಆಗ ನೀವು ಇಟ್ಟ ಶುರು ಬೆಲೆಗೇ ಹೋಗ್ತದ. ಶುರು ಬೆಲೆ ಒಂದು ಡಾಲರ್ ಇಟ್ಟಿದ್ರ ಒಂದೇ ಡಾಲರ್, ಆಕಿ ಮನಸ್ಸಿನ್ಯಾಗ 120 ಇದ್ರೂ ನಿಮಗ ಸಿಗೋದು ಒಂದು.

ಅಂದ್ರ ಹರಾಜು ನಡೀಬೇಕಂದ್ರ ನಿಮ್ಮ ಸಾಮಾನು ಬೇಕೇ ಬೇಕು ಅನ್ನೋರು ಕಡಿಮಿ ಅಂದ್ರೂ ಇಬ್ರು ಅದೇ ವಾರದಾಗ ಅಲ್ಲಿರಬೇಕು. ಹಳೆ ಕ್ಯಾಮೆರಾ, ಹಳೆ ಸ್ಟಾಂಪು, ನಾಣ್ಯ ಇವಕ್ಕ ಸಾವಿರಾರು ಮಂದಿ ಕಾಯ್ಕೋತ ಕುಂತಿರ್ತಾರ, ಅವ್ಕ ಹರಾಜು ಬಂಗಾರದಂಥ ಜಾಗ. ಹೊಸದಾಗಿ ಮಾಡಿದ ಕೈಕೆಲಸದ ಸಾಮಾನಿಗಿ, ಅದೂ ಮಾಡಿದೋರ ಹೆಸರು ಇನ್ನೂ ಹೊರಗ ಗೊತ್ತಿಲ್ದ ಹೊತ್ತಿನ್ಯಾಗ, ಒಬ್ರು ಸಿಗ್ತಾರ, ಇಬ್ರು ಸಿಗೋದು ಕಷ್ಟ. ಇಂಗ್ಲಿಷ್ ವಿಡಿಯೋದಾಗ "ಒಂದು ಡಾಲರ್‌ನಿಂದ ಶುರು ಮಾಡ್ರಿ, ಮಂದಿ ಕೂಡ್ತಾರ, ತಾನೇ ಏರ್ತದ" ಅಂತ ಹೇಳ್ತಾರಲ್ಲ, ಆ ಮಾತು ಕೈಕೆಲಸದೋರು ಕಿವಿ ಮ್ಯಾಲ ಹಾಕ್ಕೋಲೇಬಾರ್ದು. ಅನುಮಾನ ಇದ್ರ ನೀವೇ ನೋಡ್ರಿ, ಸರ್ಚ್ ಮಾಡಿ ಪಕ್ಕದಾಗ ಮಾರಾಟ ಆದ ಸಾಮಾನು ಮಾತ್ರ ತೋರಿಸು ಅನ್ನೋ ಫಿಲ್ಟರ್ ಒತ್ತಿದ್ರ ಯಾವುದು ಖರೆ ಎಷ್ಟಕ್ಕ ಹೋಗ್ಯದ ಅಂತ ಹಸಿರು ಅಕ್ಷರದಾಗ ಬರ್ತದ. ಚಂದ ಚಂದ ಬಿದ್ರಿ ಪ್ಲೇಟುಗಳು, ಬೆಳ್ಳಿ ರೊಕ್ಕಾನೂ ಹುಟ್ಟದಂಥ ಬೆಲೆಗಿ ಹೋಗಿದ್ದು ಅಲ್ಲಿ ನೋಡಿದ್ರ ಹೊಟ್ಟ್ಯಾಗ ಸಂಕಟ ಆಗ್ತದ್ರಿ.

ಯಾಕ ಸಂಕಟ ಆಗ್ತದ ಅಂದ್ರ ನಾನು ಆ ಕೆಲಸ ಸನೇಕಿಂದ ನೋಡೀನಿ. ಬಿದ್ರಿ ಅಂದ್ರ ಬರೀ ಕರಿ ಬಣ್ಣದ ಮ್ಯಾಲ ಬಿಳಿ ಗೆರಿ ಅಲ್ಲ. ಜಸ್ತ ಹೆಚ್ಚು, ತಾಮ್ರ ಕಡಿಮಿ, 16ಕ್ಕ 1ರ ಆಸುಪಾಸು ಕೂಡಿಸಿ ಕರಗಿಸಿ ಮಣ್ಣಿನ ಅಚ್ಚಿನ್ಯಾಗ ಎರಿತಾರ, ಅರ ಹಾಕಿ ಉಜ್ಜಿ ನುಣುಪು ಮಾಡ್ತಾರ, ಮೈಲುತುತ್ತದ ನೀರು ಹಚ್ಚಿದ್ರ ಮೈ ತಾತ್ಕಾಲಿಕ ಕರ್ರಗ ಆಗ್ತದ, ಅದರ ಮ್ಯಾಲ ಉಳಿಯಿಂದ ಗೆರಿ ಕೊರೆದ್ರ ಬೆಳ್ಳಗ ಕಾಣ್ತದ. ಚಾಚಾ ಕಲ್ಲಿನ ಮ್ಯಾಲ ಮೇಣ ಹಚ್ಚಿ ಸಾಮಾನು ಅಲುಗಾಡದಂಗ ಕೂಡಿಸಿ, ಬಾಗಿಲ ಬೆಳಕಿಗಿ ಮುಖ ಮಾಡಿ, ಕೂದಲಷ್ಟು ಸಣ್ಣ ಬೆಳ್ಳಿ ತಂತಿನ ಆ ಗೆರಿಯಾಗ ಇಟ್ಟು ಟಕ್ ಟಕ್ ಅಂತ ಸಣ್ಣ ಸುತ್ತಿಗಿಯಿಂದ ಕೂಡಿಸ್ತಾರ, ಉಸಿರು ಬಿಗಿ ಹಿಡಿದು. ಒಂದು ಬಳ್ಳಿ ತಿರುಗೋ ಜಾಗದಾಗ ತಂತಿ ಕಡಿದ್ರ ಪೂರಾ ಕಿತ್ತಿ ಮತ್ತ ಶುರು. ಇದು ತಾರ್‌ಕಶಿ. ತಂತಿ ಬದಲಿ ಬೆಳ್ಳಿ ತಗಡು ಕತ್ತರಿಸಿ ಆಳಕ್ಕ ಕೂಡಿಸಿದ್ರ ತೆಹನಿಶಾನ್, ಅದಕ್ಕ ಬೆಳ್ಳಿನೂ ಹೆಚ್ಚು ಬೇಕು ಕೈನೂ ಹೆಚ್ಚು ಪಳಗಿರಬೇಕು. ಎಲ್ಲಾ ಮುಗಿದ ಮ್ಯಾಲ ನಮ್ಮ ಬೀದರ್ ಕೋಟೆ ಒಳಗಿನ, ಬಿಸಲು ಮಳಿ ಕಾಣದ ಜಾಗದ ಮಣ್ಣು ತಂದು, ಅದನ್ನ ನಾಲಿಗಿ ಮ್ಯಾಲಿಟ್ಟು ರುಚಿ ನೋಡಿ ಆರಿಸಿ, ನವಸಾಗರದ ಜೊತಿ ನೀರಿನ್ಯಾಗ ಕುದಿಸಿ ಹಚ್ಚಿದ್ರ ಜಸ್ತ ಕರ್ರಗ ಆಗ್ತದ, ಬೆಳ್ಳಿ ಮಾತ್ರ ಬೆಳ್ಳಗ ಉಳೀತದ. ಬಹಮನಿ ಸುಲ್ತಾನರ ಕಾಲದಿಂದ ನಡ್ಕೊಂಡು ಬಂದ ಕೆಲಸ ಇದು, 2006ರಾಗ ಈ ಊರಿಂದೇ ಸಾಮಾನು ಅನ್ನೋ ಗುರುತು, ಜಿ.ಐ. ಟ್ಯಾಗ್, ಬಂದದ, 2023ರಾಗ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವ್ರಿಗಿ ಪದ್ಮಶ್ರೀ ಬಂದದ. ಇಂಥಾ ಕೆಲಸಾನ ಒಂದು ಡಾಲರ್ ಬೋರ್ಡ್ ಹಚ್ಚಿ ಸಂತಿಗಿ ಇಡೋಕ್ ನನ್ನ ಮನಸ್ಸಂತೂ ಒಪ್ಪಂಗಿಲ್ಲ.

ಹಂಗಂತ ಹರಾಜು ಬ್ಯಾಡೇ ಬ್ಯಾಡ ಅಂತ ನಾನು ಹೇಳ್ತಿಲ್ಲ, ಕೇಳ್ರಿ.

ಬಿದ್ರಿಗಿ ಒಂದು ಅನುಕೂಲ ಅದ, ಅದು ಬ್ಯಾರೆ ಎಷ್ಟೋ ಕೈಕೆಲಸಕ್ಕ ಇಲ್ಲ. ಹೊರದೇಶದಾಗ ಬಿದ್ರಿ ಅನ್ನೋ ಹೆಸರು ಮೊದಲಿಂದ್ಲೂ ಗೊತ್ತಿರೋ ಒಂದು ಸಣ್ಣ ಗುಂಪು ಅದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ್ಯಾಗ ಹಳೆ ಬಿದ್ರಿ ಹುಕ್ಕಾ ಬುಡಗಳು ಅವ, ಸದಬೀಸ್ ಕ್ರಿಸ್ಟೀಸ್‌ನಂಥ ದೊಡ್ಡ ಹರಾಜು ಮನೆಗಳೊಳಗ ಹಳೆ ಬಿದ್ರಿ ಮಾರಾಟ ಆಗ್ತಾವ. ಅವನ್ನ ಕೊಳ್ಳೋ ಶಕ್ತಿ ಇಲ್ಲದ, ಆದ್ರ ಬಿದ್ರಿ ಮ್ಯಾಲ ಜೀವ ಇರೋ ಮಂದಿ ಈಬೇದಾಗ ಆ ಹೆಸರು ಸರ್ಚ್ ಹಾಕಿ ಸೇವ್ ಮಾಡಿ ಇಟ್ಟಿರ್ತಾರ, ಹೊಸ ಸಾಮಾನು ಬಂದ್ರ ಅವ್ರಿಗಿ ಮೇಲ್ ಹೋಗ್ತದ. ಇವ್ರೇ ನಿಮ್ಮ ಆ "ಇಬ್ರು". ಇವ್ರು ಕೀಚೈನ್‌ಗ ಬರಂಗಿಲ್ಲ. ಸುರಾಹಿ, ಪಾನದಾನ, ದೊಡ್ಡ ಹೂದಾನಿ, ಹುಕ್ಕಾ ಆಕಾರದ ಸಾಮಾನು, ಅಶರ್ಫಿ ಬೂಟಿ, ಅಂಗೂರ್ ಬೇಲ್‌ನಂಥ ಹಳೆ ನಮೂನಿ, ತೆಹನಿಶಾನ್ ಕೆಲಸ, ಇಂಥವಕ್ಕ ಬರ್ತಾರ.

ಚಾಚಾ ಮಾಡಿದ ಒಂದು ತೆಹನಿಶಾನ್ ಸುರಾಹಿ ನಾನು ಹರಾಜಿಗಿ ಇಟ್ಟೆ, ಶುರು ಬೆಲೆ ಇಲ್ಲಿ ನಮಗ ಬೇಕಾದ ಪೂರ್ತಿ ಬೆಲೆನೇ, ಅದಕ್ಕಿಂತ ಒಂದು ಪೈಸೆ ಕಡಿಮಿ ಇಲ್ಲ. ಐದಾರು ದಿನ ಯಾರೂ ಮುಟ್ಟಲಿಲ್ಲ, ಬರೀ ನೋಡೋರ ಸಂಖ್ಯೆ ಏರ್ಲತ್ತಿತ್ತು. ಚಾಚಿ ಅಂತೂ "ಬಿಡಮ್ಮಾ, ಇಲ್ಲೇ ಅಂಗಡಿಗಿ ಕೊಡೋಣು" ಅಂತ ಶುರು ಹಚ್ಕೊಂಡಿದ್ರು. ಕೊನಿ ದಿನ ಒಂದು ಬಿಡ್, ಅಂದ್ರ ಹರಾಜಿನ ಬೆಲೆ, ಬಂತು, ಮುಗಿಯೋಕ್ ಒಂದು ನಿಮಿಷಾನೂ ಇಲ್ದಾಗ ಇನ್ನೊಬ್ರು ಬಂದ್ರು, ಅಲ್ಲಿಂದ ಕಣ್ಣು ಮಿಟುಕಿಸೋದ್ರೊಳಗ ಶುರು ಬೆಲೆ ಎರಡು ಪಟ್ಟು ದಾಟಿ ನಿಂತ್ತು. ಕೊನಿ ಸೆಕೆಂಡುಗಳೊಳಗ ಬಿಡ್ ಹಾಕೋದು ಅಲ್ಲಿ ಎಲ್ಲಾರ್ಗೂ ರೂಢಿ ಅದ, ಅದಕ್ಕ ಮೊದಲಿನ ದಿನ ಸುಮ್ನಿದ್ರ ಧೈರ್ಯ ಬಿಟ್ಟು ಲಿಸ್ಟಿಂಗ್ ತೆಗೀಬ್ಯಾಡ್ರಿ. ಕೊಂಡೋರು ಮೆಸೇಜಿನ್ಯಾಗ ತೆಹನಿಶಾನ್ ಅಂತ ಹೆಸರು ಹಿಡಿದೇ ಬರ್ದಿದ್ರು, ಬೆಳ್ಳಿ ತಗಡಿನ ಅಂಚು ಎಷ್ಟು ಸ್ವಚ್ಛ ಕೂತದ ಅಂತ ಹೊಗಳಿದ್ರು. ನಾನು ಓದಿ ಹೇಳಿದಾಗ ಚಾಚಾ ಕೇಳಿದ್ದು ರೊಕ್ಕ ಎಷ್ಟು ಅಂತ ಅಲ್ಲ, "ಅಮ್ಮಾ, ಅಷ್ಟು ದೂರ ಇರೋರಿಗಿ ಈ ಕೆಲಸದ ಹೆಸರು ಹೆಂಗ ಗೊತ್ತದ?" ಅಂತ. ಸೋತೋರೂ ಬರ್ದು "ಇಂಥದ ಇನ್ನೊಂದು ಮಾಡ್ತೀರೇನು" ಅಂದ್ರು. ಅವ್ರಿಗಿ ಅಂತ ಬ್ಯಾರೆ ಲಿಸ್ಟಿಂಗ್ ಹಾಕಿ ನಿಗದಿ ಬೆಲೆಗಿ ಕೊಟ್ವಿ. ಸೈಟಿನ ಹೊರಗ ವಾಟ್ಸಾಪ್‌ನ್ಯಾಗ ವ್ಯವಹಾರ ಮುಗಿಸೋದು ಅವ್ರ ನಿಯಮಕ್ಕ ವಿರುದ್ಧ ಅದ, ಖಾತೆನೇ ಹೋಗ್ತದ, ಆ ದಾರಿ ಹಿಡೀಬ್ಯಾಡ್ರಿ.

ಹರಾಜು ಯಾವಾಗ ಮುಗೀಬೇಕು ಅನ್ನೋದೂ ಲೆಕ್ಕಕ್ಕ ಬರ್ತದ, ಯಾಕಂದ್ರ ಏಳು ದಿನದ ಹರಾಜು ಇಟ್ರ ನೀವು ಲಿಸ್ಟಿಂಗ್ ಹಾಕಿದ ಹೊತ್ತಿಗೇ ಸರಿಯಾಗಿ ಏಳು ದಿನಕ್ಕ ಅದು ಮುಗೀತದ. ಮಧ್ಯಾಹ್ನ ಊಟ ಮಾಡಿ ಪುರಸೊತ್ತಿನ್ಯಾಗ ಹಾಕಿದ್ರ ಅಮೆರಿಕಾದಾಗ ನಡುರಾತ್ರಿ ಮುಗೀತದ, ಯಾರು ಎದ್ದಿರ್ತಾರ? ಅವ್ರ ಕಡಿ ಭಾನುವಾರ ರಾತ್ರಿ ಒಂಬತ್ತಕ್ಕ, ಪೂರ್ವ ಕರಾವಳಿ ಟೈಮು, ಮುಗಿಯಂಗ ಇಟ್ರ ನಮ್ಮಲ್ಲಿ ಸೋಮವಾರ ಬೆಳಗ್ಗೆ ಆರೂವರಿ, ಅವ್ರ ಚಳಿಗಾಲದಾಗ ಏಳೂವರಿ. ಆ ಹೊತ್ತಿಗಿ ಅವ್ರ ಪಶ್ಚಿಮ ಕರಾವಳಿಯಾಗ ಇನ್ನೂ ಸಂಜಿ, ಎರಡೂ ಕಡಿ ಮಂದಿ ಫೋನ್ ಹಿಡಿದು ಕುಂತಿರ್ತಾರ. ಗೆದ್ದೋರು ನಾಲ್ಕು ದಿನದೊಳಗ ರೊಕ್ಕ ಹಾಕಬೇಕು, ಹಾಕದೇ ಇದ್ರ ಆರ್ಡರ್ ರದ್ದು ಮಾಡಿ ಎರಡನೇಯವ್ರಿಗಿ ಅವ್ರ ಬಿಡ್ ಬೆಲೆಗೇ ಕೊಡ್ತೀವಿ ಅಂತ ಕೇಳೋ ಸೌಲಭ್ಯ ಅದ. ಗುಪ್ತ ಕನಿಷ್ಠ ಬೆಲೆ ಇಡೋ ರಿಸರ್ವ್ ಅನ್ನೋದೂ ಅದ, ಆದ್ರ ಅದಕ್ಕ ಫೀ ಬ್ಯಾರೆ, ಮತ್ತ ಕೊಳ್ಳೋರಿಗಿ ಅದು ಸಿಟ್ಟು ತರ್ತದ, ನಾನಂತೂ ಬಳಸಂಗಿಲ್ಲ. ಶುರು ಬೆಲೆ ಪ್ರಾಮಾಣಿಕ ಇಟ್ರ ಅದರ ಗರಜೇ ಇಲ್ಲ.

ಫೋಟೋ. ಬಿದ್ರಿ ಫೋಟೋ ತೆಗಿಯೋದು ಭಾಳ ತ್ರಾಸಿನ ಕೆಲಸ. ಕರಿ ಮೈ ಬೆಳಕು ನುಂಗ್ತದ, ಬೆಳ್ಳಿ ಬೆಳಕು ಉಗುಳ್ತದ. ಫ್ಲಾಶ್ ಹಾಕಿದ್ರ ಬೆಳ್ಳಿ ಪೂರಾ ಬಿಳಿ ಕಲೆ ಆಗಿ ಗೆರಿನೇ ಕಾಣಂಗಿಲ್ಲ, ಕರಿ ಬಣ್ಣ ಬೂದಿ ಆಗ್ತದ, ನೋಡೋರಿಗಿ ಅದು ಪೇಂಟ್ ಹಚ್ಚಿದ ಅಲ್ಯೂಮಿನಿಯಂ ಅನ್ನಸ್ತದ. ಬೆಳಗ್ಗೆ ಪಡಸಾಲಿ ನೆರಳಿನ್ಯಾಗ, ಬಾಗಿಲ ಕಡಿಂದ ಬರೋ ಬೆಳಕಿನ್ಯಾಗ, ಬೂದಿ ಬಣ್ಣದ ಬಟ್ಟಿ ಮ್ಯಾಲಿಟ್ಟು ತೆಗೀರಿ. 24 ಫೋಟೋ ತನಕ ಬಿಡ್ತಾರ, ಬುಡ ತೋರಿಸ್ರಿ, ಒಳಗ ತೋರಿಸ್ರಿ, ಮುಚ್ಚಳ ಕೂಡೋ ಜಾಗ ತೋರಿಸ್ರಿ, ಅಂಗೈಯಾಗ ಇಟ್ಟು ಅಳತಿ ಗೊತ್ತಾಗಂಗ ತೋರಿಸ್ರಿ. ನನ್ನ ಅನುಭವದಾಗ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಸಾಮಾನು ಅರ್ಧ ಆದಾಗಿನ ಫೋಟೋ, ಒಂದು ಕಡಿ ತಂತಿ ಕೂಡ್ಸಿದ್ದು, ಇನ್ನೊಂದು ಕಡಿ ಖಾಲಿ ಗೆರಿ. ಮಷೀನಿನ ಮಾಲು ಮಾರೋರ ಹತ್ರ ಆ ಫೋಟೋ ಇರೋಕ್ ಸಾಧ್ಯನೇ ಇಲ್ಲ. ಅದಕ್ಕ ಚಾಚಾಗ ಹೇಳಿಟ್ಟೀನಿ, ಹರಾಜಿಗಿ ಹೋಗೋ ಸಾಮಾನಿದ್ರ ತಂತಿ ಅರ್ಧ ಕೂಡ್ಸಿದಾಗ್ಲೇ ನನಗ ಒಂದು ಫೋನ್ ಮಾಡ್ರಿ ಅಂತ. ಮಾಡಿದೋರ ಹೆಸರು, ಊರು, ಎಷ್ಟು ವರ್ಷದಿಂದ ಈ ಕೆಲಸದಾಗ ಅದಾರ ಅನ್ನೋದು ಅವ್ರ ಒಪ್ಪಿಗಿ ತೊಗೊಂಡು ಬರೀರಿ, "ಇಂಡಿಯನ್ ಮೆಟಲ್ ಬಾಕ್ಸ್" ಅಂತ ಬರ್ದು ಬಿಟ್ರ ಮುರಾದಾಬಾದಿನ ಹಿತ್ತಾಳಿ ರಾಶಿಯಾಗ ಕಳೆದು ಹೋಗ್ತದ.

ಬರಿಯೋವಾಗ ಒಂದು ಮಾತ್ರ ಎಚ್ಚರ. ಮಾರಾಟ ಲಗೂ ಆಗ್ಲಿ ಅಂತ "ಆಂಟಿಕ್" ಅನ್ನೋ ಪದ ಹಾಕೋರು ಭಾಳ ಅದಾರ. ಹೊಸದಕ್ಕ ಹಳೆದು ಅನ್ನೋದು ಮೋಸ ಅನ್ನೋದು ಒಂದು ಕಡಿ ಇರ್ಲಿ, ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥಾ ಸಾಮಾನು ಖಾಸಗಿ ಮಂದಿ ಹೊರದೇಶಕ್ಕ ಕಳಿಸೋ ಹಂಗೇ ಇಲ್ಲ. ನೀವೇ ಬರ್ದ ಆ ಪದ ಹಿಡ್ಕೊಂಡು ಕಸ್ಟಮ್ಸ್‌ನವ್ರು ಪಾರ್ಸೆಲ್ ತಡೆದ್ರ ಯಾರಿಗಿ ಕೇಳ್ತೀರಿ? ಮತ್ತ ಬೀದರ್‌ನ ಎಷ್ಟೋ ಹಳೆ ಮನಿಗಳೊಳಗ ಅಜ್ಜನ ಕಾಲದ ಹುಕ್ಕಾ, ಪಾನದಾನ ಖರೇನೇ ಅವ, ರೊಕ್ಕದ ಆಸೆಗಿ ಅವನ್ನ ಈಬೇಕ್ಕ ಹಾಕೋ ವಿಚಾರ ಬಿಡ್ರಿ, ಅವು ನಮ್ಮೂರಿನ್ಯಾಗೇ ಇರಬೇಕು.

ಪಾರ್ಸೆಲ್ ವಿಷಯಕ್ಕ ಬಂದ್ರ, ಬಿದ್ರಿ ನೋಡಾಕ್ ಗಟ್ಟಿ ಕಬ್ಬಿಣದಂಗ ಕಂಡ್ರೂ ಜಸ್ತದ ಎರಕ, ಎತ್ತರದಿಂದ ಬಿದ್ರ ಕತ್ತಿನ ಹತ್ರ ಸೀಳ್ತದ. ಒಂದ್ಸಲ ಒಂದು ಕೊರಿಯರ್ ಕಡಿಂದ ಹೋದ ಡಬ್ಬಿ ಮುಚ್ಚಳ ಎರಡು ಚೂರಾಗಿ ಮುಟ್ಟಿತ್ತು, ಕೊಂಡೋರು ಫೋಟೋ ಕಳಿಸಿದ್ರು, ಪೂರ್ತಿ ರೊಕ್ಕ ವಾಪಸ್ ಕೊಟ್ವಿ, ಕೊರಿಯರ್‌ನವ್ರು ಮಾತ್ರ ಪ್ಯಾಕಿಂಗ್ ಸರಿ ಇಲ್ಲ ಅಂತ ಒಂದು ಮೇಲ್ ಹಾಕಿ ಕೈ ತೊಳ್ಕೊಂಡ್ರು. ಮುಚ್ಚಳ ಬುಡ ಬ್ಯಾರೆ ಬ್ಯಾರೆ ಸುತ್ತಿ, ಮೆತ್ತನ ಹತ್ತಿ ಬಟ್ಟಿ, ಅದರ ಮ್ಯಾಲ ಬಬಲ್ ಶೀಟು, ಒಂದು ಡಬ್ಬದೊಳಗ ಇನ್ನೊಂದು ಡಬ್ಬ, ನಡುವ ಎರಡು ಬೆರಳು ಜಾಗ ತುಂಬ್ಸಿ ಕಳಿಸ್ರಿ. ರಬ್ಬರ್ ಬ್ಯಾಂಡ್ ಮಾತ್ರ ಹಾಕ್ಬ್ಯಾಡ್ರಿ, ಅದರೊಳಗಿನ ಗಂಧಕಕ್ಕ ಬೆಳ್ಳಿ ಕಪ್ಪಾಗ್ತದ, ಸಮುದ್ರ ದಾಟೋದ್ರೊಳಗ ಗೆರಿ ಮ್ಯಾಲ ಗೆರಿ ಬೀಳ್ತದ. ಸಣ್ಣ ಸಾಮಾನಿಗಿ ಅಂಚೆ ಇಲಾಖೆದೇ ಅಗ್ಗ, ಟ್ರ್ಯಾಕಿಂಗ್ ಇರೋ ಇಂಟರ್‌ನ್ಯಾಷನಲ್ ಪ್ಯಾಕೆಟ್ ಅಂತ ಕೇಳ್ರಿ. ಎಕ್ಸ್‌ಪೋರ್ಟ್ ಕಾಗದಪತ್ರ ಆನ್‌ಲೈನ್ ತುಂಬಾಕ್ ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ 2022ರಿಂದ ಶುರು ಮಾಡ್ಯಾರ, ಕಸ್ಟಮ್ಸ್‌ಗ ಕೊಡೋ ಎಕ್ಸ್‌ಪೋರ್ಟ್ ಬಿಲ್ ಅಲ್ಲೇ ಆಗ್ತದ.

ಇನ್ನೊಂದು, ಪಾರ್ಸೆಲ್ ಒಳಗ ಒಂದು ಚೀಟಿ ಇಡದೆ ಕಳಿಸ್ಬ್ಯಾಡ್ರಿ. ಒಬ್ರು ಕೊಂಡೋರು, ಪಾಪ ಪ್ರೀತಿಯಿಂದ್ಲೇ, ಬೆಳ್ಳಿ ಮಿಂಚ್ಲಿ ಅಂತ ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿ, ಕರಿ ಎಲ್ಲಾ ಎದ್ದು ಸಾಮಾನು ಬೂದಿ ಬಣ್ಣ ಆಗಿ "ಬಣ್ಣ ಹೋಗ್ತದ, ನಕಲಿ ಅದ" ಅಂತ ರಿಟರ್ನ್ ಹಾಕಿದ್ರು. ಚಾಚಾ ಕೇಳಿ ಹಣಿ ಹಣಿ ಬಡ್ಕೊಂಡ್ರು. ನಮ್ಮ ಕಡಿ ಹಿತ್ತಾಳಿ ತಾಮ್ರ ಹುಣಸಿಹಣ್ಣು ಹಚ್ಚಿ ತಿಕ್ತೀವಲ್ಲ, ಬಿದ್ರಿಗಿ ಅದೂ ಆಗಂಗಿಲ್ಲ, ಪಾಲಿಶ್ಶೂ ಆಗಂಗಿಲ್ಲ, ಒಣ ಮೆತ್ತನ ಬಟ್ಟಿಲಿಂದ ಒರೆಸೋದು, ಯಾವಾಗರೆ ಒಂದು ಹನಿ ಕೊಬ್ಬರಿ ಎಣ್ಣಿ ಅಂಗೈಯಾಗ ತಿಕ್ಕಿ ಸವರೋದು, ಅಷ್ಟ. ಈಗ ಇದನ್ನ ಇಂಗ್ಲಿಷ್‌ನ್ಯಾಗ ದಪ್ಪ ಅಕ್ಷರದಾಗ ಲಿಸ್ಟಿಂಗ್‌ನ್ಯಾಗೂ ಬರಿತೀನಿ ಚೀಟಿನೂ ಇಡ್ತೀನಿ, ಆ ಥರ ರಿಟರ್ನ್ ಆಮ್ಯಾಲ ಬಂದಿಲ್ಲ.

ಖರ್ಚಿನ ಲೆಕ್ಕ. ಮಾರಾಟ ಆದ ಮ್ಯಾಲ ಸೈಟಿನವ್ರು ಶೇಕಡಾ ಲೆಕ್ಕದಾಗ ಫೀ ಹಿಡಿತಾರ, ಸಾಮಾನಿನ ವರ್ಗ ನೋಡಿ ಬದಲಾಗ್ತದ, 13-14ರ ಆಸುಪಾಸು ಅಂತ ಹಿಡ್ಕೊಳ್ರಿ. ಭಾಳ ಮಂದಿಗಿ ಗೊತ್ತಾಗದ ವಿಷಯ ಅಂದ್ರ ಆ ಫೀ ಬರೀ ಸಾಮಾನಿನ ಬೆಲೆ ಮ್ಯಾಲಲ್ಲ, ಪೋಸ್ಟ್ ಖರ್ಚು ಸೇರ್ಸಿ ಒಟ್ಟು ಮೊತ್ತದ ಮ್ಯಾಲ. ಸಾಮಾನು 90 ಡಾಲರ್, ಪೋಸ್ಟ್ 25 ಅಂದ್ರ 115ರ ಮ್ಯಾಲ ಫೀ, ಅಂದ್ರ 15-16 ಡಾಲರ್ ಹೋಯ್ತು. ಆಮ್ಯಾಲ ಡಾಲರ್ ರೂಪಾಯಿ ಆಗೋವಾಗ ಒಂದಿಷ್ಟು. ಇದರ ಮ್ಯಾಲ ಬೆಳ್ಳಿ ಬೆಲೆ, 2025ರಾಗ ಕೆಜಿಗಿ ಲಕ್ಷ ರೂಪಾಯಿ ದಾಟಿ ಮ್ಯಾಲ ಹೋಯ್ತು, ಹಳೆ ಲಿಸ್ಟಿಂಗಿನ ಬೆಲೆ ಹಂಗೇ ಬಿಟ್ರ ಚಾಚಾ ಕೈಯಿಂದ ಬೆಳ್ಳಿ ಕೊಟ್ಟು ಮಾರಿದಂಗ ಆಗ್ತದ. ಶುರು ಬೆಲೆ ಇಡೋವಾಗ ಲೋಹ, ಬೆಳ್ಳಿ, ಕೂಲಿ, ಪ್ಯಾಕಿಂಗ್, ಫೀ ಎಲ್ಲಾ ಕೂಡ್ಸಿ ಇಡ್ರಿ, ಕೂಲಿ ಅಂದ್ರ ದಿನಕ್ಕ ಇಷ್ಟು ಅಂತ ಖರೆ ಕೂಲಿ, ಎಲ್ಲಾ ಕಳೆದು ಉಳಿದದ್ದನ್ನ ಕೂಲಿ ಅನ್ಬ್ಯಾಡ್ರಿ.

ಅಮೆರಿಕಾದ ಸುಂಕದ ಗದ್ದಲ ನೆನಪಿರಬೇಕಲ್ಲ. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗ ಅಲ್ಲಿ ಸುಂಕ ಇರ್ಲಿಲ್ಲ, 2025ರ ಆಗಸ್ಟ್ 29ರಿಂದ ಅದು ಹೋಯ್ತು. ಅದಕ್ಕ ನಾಲ್ಕು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಅಮೆರಿಕಾಕ್ಕ ಹೆಚ್ಚಿನ ಪಾರ್ಸೆಲ್ ತೊಗೊಳ್ಳೋದೇ ನಿಲ್ಲಿಸ್ತು, ಅಕ್ಟೋಬರ್ 15ರಿಂದ ಮತ್ತ ಶುರು ಮಾಡ್ತು, ಸುಂಕ ಇಲ್ಲೇ ಮೊದಲ ಕಟ್ಟಿ ಕಳಿಸೋ ಪದ್ಧತಿಲಿಂದ. ಆ ನಡುವ ಹರಾಜು ಇಟ್ಟೋರ ಪಾಡು ಕೇಳ್ಬ್ಯಾಡ್ರಿ. ಅದಕ್ಕ ಹರಾಜು ಇಡೋ ದಿನ ಅಂಚೆ ಕಚೇರಿಗಿ ಹೋಗಿ ಇವತ್ತಿನ ಸುಂಕ ಎಷ್ಟು, ಯಾವ ದೇಶಕ್ಕ ತೊಗೋತೀರಿ ಅಂತ ಕೇಳೇ ಇಡ್ರಿ, ಹೋದ ತಿಂಗಳ ಮಾಹಿತಿ ಮ್ಯಾಲ ಇಡಬ್ಯಾಡ್ರಿ. ಇಂಗ್ಲೆಂಡಿಗಿ ಇದಕ್ಕಿಂತ ಸರಳ, 135 ಪೌಂಡ್ ತನಕದ ಪಾರ್ಸೆಲ್‌ಗ ಅಲ್ಲಿನ ಮಾರಾಟ ತೆರಿಗೆ, ವ್ಯಾಟ್, ಸೈಟಿನವ್ರೇ ಕೊಳ್ಳೋರ ಕಡಿಂದ ಹಿಡಿದು ಕಟ್ತಾರ.

ಅವ್ವನ ಕೌದಿ ಹರಾಜಿಗಿ ಇಡೋದು ನಾನು ಪೂರಾ ಬಿಟ್ಟೀನಿ. ಕೌದಿ ತೂಕ ಹೆಚ್ಚು, ಪೋಸ್ಟ್ ಖರ್ಚೇ ಅರ್ಧ ಬೆಲೆ ತಿಂತದ, ಮತ್ತ ಕೌದಿ ಕೊಳ್ಳೋರು ತಮ್ಮ ಮಂಚದ ಅಳತಿ, ತಮ್ಮ ಬಣ್ಣ, ಕೂಸಿಗೋ ದೊಡ್ಡೋರಿಗೋ ಅಂತ ಹೇಳಿ ಮಾಡಿಸ್ಕೋತಾರ, ಒಂದು ವಾರದಾಗ ಇಬ್ರು ಜಿದ್ದಿಗಿ ಬಿದ್ದು ಏರ್ಸೋ ಸಾಮಾನು ಅಲ್ಲ ಅದು. ಅದಕ್ಕ ಎಟ್ಸಿಯಂಥ ನಿಗದಿ ಬೆಲೆಯ ಜಾಗ ಸರಿ, ಲಿಸ್ಟಿಂಗ್‌ಗ 20 ಸೆಂಟು, ಮಾರಾಟ ಆದ್ರ ಆರೂವರಿ ಪರ್ಸೆಂಟು ಮತ್ತ ರೊಕ್ಕ ತೊಗೊಳ್ಳೋ ಫೀ ಬ್ಯಾರೆ. ಬಿದ್ರಿ ಪೆಂಡೆಂಟ್, ಬಟನ್ನು, ಸಣ್ಣ ಡಬ್ಬಿ ಇವೂ ನಿಗದಿ ಬೆಲೆಗೇ. ಕಲಬುರಗಿ ಯಾದಗಿರ್ ಕಡಿ ತಾಂಡಾದ ಲಂಬಾಣಿ ಕಸೂತಿ ಮಾರೋರು ಕೇಳಿದ್ರೂ ನಾನು ಹೇಳೋದು ಇದೇ, ಬ್ಯಾಗು ಪರ್ಸು ಹರಾಜಿಗಿ ಬ್ಯಾಡ, ಗಾಜು ಕವಡಿ ತುಂಬಿದ ಪೂರ್ತಿ ಲಂಗ ಇದ್ರ ಒಂದ್ಸಲ ಇಟ್ಟು ನೋಡ್ರಿ, ಅದಕ್ಕ ಸಂಗ್ರಹ ಮಾಡೋರು ಅದಾರ. ಮತ್ತ ಕಾವೇರಿ ಎಂಪೋರಿಯಂ, ನಮ್ಮ ಚೌಬಾರಾ ರಸ್ತೆ ಅಂಗಡಿಗಳು ಇವನ್ನ ಬಿಟ್ಟು ಪೂರಾ ಆನ್‌ಲೈನ್ ನೆಚ್ಕೋಬ್ಯಾಡ್ರಿ, ತಿಂಗಳ ಸಂಸಾರ ನಡ್ಸೋ ರೊಕ್ಕ ಇನ್ನೂ ಅಲ್ಲಿಂದಾನೇ ಬರ್ತದ. ನಾನು ಈಬೇಗ ಸ್ಟಾರ್ ಕೊಡೋದಾದ್ರ ದೊಡ್ಡ ತೆಹನಿಶಾನ್ ಕೆಲಸಕ್ಕ ನಾಲ್ಕು, ದಿನಬಳಕಿ ಕೈಕೆಲಸಕ್ಕ ಒಂದೂವರಿ.

ನನ್ನಂಗ ಬ್ಯಾರೆಯವ್ರ ಪರವಾಗಿ ಮಾರ್ಲಿಕ್ಕ ಹೊಂಟೋರಿಗಿ ಇಷ್ಟು ಕೇಳ್ಕೋತೀನಿ. ಸಾಮಾನು ಹರಾಜಿಗಿ ಹೋಗೋ ಮೊದಲೇ ಕಲಾವಿದರ ಬೆಲೆ ಅವ್ರ ಕೈಯಾಗ ಇಡ್ರಿ, ಬಿಡ್ ಬಂದ್ಮ್ಯಾಲ ಕೊಡ್ತೀನಿ ಅನ್ಬ್ಯಾಡ್ರಿ, ಬಿಡ್ಡಿನ ಜೂಜು ಆಡೋರು ನಾವು, ಅವ್ರಲ್ಲ. ಚಾಚಾ ಜೊತಿ ನಮ್ಮ ಕರಾರು ಹಿಂಗದ, ಶುರು ಬೆಲೆಯಾಗಿನ ಅವ್ರ ಪಾಲು ಸಾಮಾನು ನನ್ನ ಕೈಗಿ ಬಂದ ದಿನ, ಏರಿದ ರೊಕ್ಕದಾಗ ಫೀ ಕಳೆದು ಮೂರನೇ ಎರಡು ಪಾಲು ಅವ್ರಿಗಿ, ಒಂದು ಪಾಲು ನನಗ, ಸೈಟಿನ ಲೆಕ್ಕ ಮೊಬೈಲ್‌ನ್ಯಾಗ ಅವ್ರ ಮಗನಿಗಿ ತೋರ್ಸಿ ವಹಿಯಾಗ ಬರ್ದು ಇಬ್ರೂ ಸಹಿ ಹಾಕ್ತೀವಿ.